ಲಕ್ಸೆಂಬರ್ಗ್‌ಗೆ ಹೋಗುವವರಿಗೆ ಲಕ್ಸೆಂಬರ್ಗಿಷ್ ಯಾಕೆ ಬೇಕು, ಕಲಿಯುವುದು ಹೇಗೆ?

ನಮ್ಮ ಕಡೆಯವರಿಗೆ ಹೊರದೇಶ ಅಂದರೆ ಮೊದಲು ನೆನಪಾಗುವುದು ಗಲ್ಫ್. ಈಗಿನ ಹುಡುಗ ಹುಡುಗಿಯರು ಬಿ.ಕಾಂ, ಬಿ.ಟೆಕ್, ಸಿ.ಎ. ಮುಗಿಸಿ ಯುರೋಪಿನ ಕಡೆಗೂ ನೋಡುತ್ತಿದ್ದಾರೆ. ಅವರ ಪಟ್ಟಿಯಲ್ಲಿ ಇರುವ ಒಂದು ಸಣ್ಣ ದೇಶ ಲಕ್ಸೆಂಬರ್ಗ್. ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ನಡುವೆ ಸಿಕ್ಕಿಕೊಂಡಿರುವ ಈ ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರ್. ಅಂದರೆ ನಮ್ಮ ಕಾಸರಗೋಡು ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಜನಸಂಖ್ಯೆ ಸುಮಾರು 6.7 ಲಕ್ಷ, ಅದು ನಮ್ಮ ಜಿಲ್ಲೆಯ ಅರ್ಧದಷ್ಟು. ಬ್ಯಾಂಕು, ಹೂಡಿಕೆ ನಿಧಿಗಳ ಕಂಪೆನಿಗಳು, ಆರ್ಸೆಲರ್ ಮಿತ್ತಲ್ ಉಕ್ಕು ಕಂಪೆನಿಯ ಕೇಂದ್ರ ಕಚೇರಿ, ಅಮೆಜಾನ್‌ನ ಯುರೋಪ್ ಕೇಂದ್ರ ಎಲ್ಲವೂ ಅಲ್ಲಿವೆ. ಭಾರತೀಯರೂ ಕೆಲವು ಸಾವಿರ ಮಂದಿ ಇದ್ದಾರೆ.

ಹೋಗುವವರು ಕೇಳುವ ಪ್ರಶ್ನೆ ಒಂದೇ: 'ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದಲ್ವಾ, ಮತ್ತೆ ಎಂತಕ್ಕೆ ಇನ್ನೊಂದು ಭಾಷೆ?' ಕೆಲಸದ ಮಟ್ಟಿಗೆ ಈ ಮಾತು ಸರಿ. ಆದರೆ ಐದು ವರ್ಷ ಅಲ್ಲೇ ನಿಂತು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ, ಪೌರತ್ವದ ಅರ್ಜಿ ಹಾಕುವ ಹೊತ್ತಿಗೆ ಲೆಕ್ಕ ಬೇರೆಯಾಗುತ್ತದೆ.

ಒಂದು ದೇಶ, ಮೂರು ಭಾಷೆ

ಲಕ್ಸೆಂಬರ್ಗ್‌ನಲ್ಲಿ ಮೂರು ಭಾಷೆಗಳು ನಡೆಯುತ್ತವೆ: ಲಕ್ಸೆಂಬರ್ಗಿಷ್, ಫ್ರೆಂಚ್, ಜರ್ಮನ್. 1984ರ ಫೆಬ್ರವರಿ 24ರ ಕಾನೂನು ಇದನ್ನು ಸ್ಪಷ್ಟ ಮಾಡಿತು. ರಾಷ್ಟ್ರಭಾಷೆ ಲಕ್ಸೆಂಬರ್ಗಿಷ್, ಕಾನೂನು ಬರೆಯುವುದು ಫ್ರೆಂಚ್‌ನಲ್ಲಿ, ಆಡಳಿತಕ್ಕೂ ಕೋರ್ಟಿಗೂ ಮೂರೂ ಭಾಷೆ ಆಗುತ್ತದೆ. 2023ರ ಜುಲೈಯಲ್ಲಿ ಜಾರಿಯಾದ ತಿದ್ದುಪಡಿಯಲ್ಲಿ ಲಕ್ಸೆಂಬರ್ಗಿಷ್‌ನ ಹೆಸರು ಸಂವಿಧಾನದೊಳಗೇ ಬಂತು. ಅಲ್ಲಿನ ಸಂಸತ್ತಿನಲ್ಲಿ ಕೂತರೆ ಒಂದು ತಮಾಷೆ ಕಾಣಬಹುದು. ಮುಂದೆ ಇರುವ ಮಸೂದೆ ಫ್ರೆಂಚ್‌ನಲ್ಲಿ, ಅದರ ಮೇಲಿನ ಚರ್ಚೆ ಹೆಚ್ಚಾಗಿ ಲಕ್ಸೆಂಬರ್ಗಿಷ್‌ನಲ್ಲಿ.

ನಮಗೆ ಇದು ಅಷ್ಟು ವಿಚಿತ್ರ ಅನಿಸಬಾರದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳಂ, ಪೇಟೆಯಲ್ಲಿ ತುಳು ಅಂತ ಬದುಕುವವರು ನಾವು. ಲಕ್ಸೆಂಬರ್ಗಿಷ್ ಕೂಡ ಹಾಗೆಯೇ ಮನೆ ಮತ್ತು ಬಾಯಿಯ ಭಾಷೆಯಾಗಿ ಬೆಳೆದದ್ದು. ಜರ್ಮನ್‌ಗೆ ಹತ್ತಿರದ ನೆಂಟ, ಫ್ರೆಂಚ್‌ನಿಂದ ತುಂಬಾ ಶಬ್ದ ಪಡೆದಿದೆ. ಮಕ್ಕಳು ಅಲ್ಲಿ ಓದಲು ಬರೆಯಲು ಕಲಿಯುತ್ತಾ ಬಂದದ್ದು ಜರ್ಮನ್‌ನಲ್ಲಿ, ಮಾತಾಡುವುದು ಮಾತ್ರ ಲಕ್ಸೆಂಬರ್ಗಿಷ್‌ನಲ್ಲಿ.

ಯಾವುದಕ್ಕೆ ಯಾವ ಭಾಷೆ?

ಇಲ್ಲಿ ಸರಿಯಾಗಿ ತಿಳಿದುಕೊಳ್ಳಬೇಕು. ಅಂಗಡಿ, ಹೋಟೆಲು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಲ್ಲಿ ಬಹಳ ಮಂದಿ ಪ್ರತಿದಿನ ಗಡಿ ದಾಟಿ ಬರುವವರು. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಹೀಗೆ ಬಂದು ಹೋಗುವವರ ಸಂಖ್ಯೆ 2 ಲಕ್ಷಕ್ಕೂ ಹೆಚ್ಚು. ಅದರಿಂದ ಪೇಟೆಯ ವ್ಯವಹಾರ ಹೆಚ್ಚಾಗಿ ಫ್ರೆಂಚ್‌ನಲ್ಲಿ. ಬ್ಯಾಂಕಿಂಗ್, ಐ.ಟಿ.ಯಲ್ಲಿ ಇಂಗ್ಲಿಷ್ ಸಾಕು. ಹಾಗಾಗಿ ಬಾಡಿಗೆ ಮನೆ ಹುಡುಕಲು, ಸಾಮಾನು ತರಲು, ಡಾಕ್ಟರ್ ಹತ್ತಿರ ಹೋಗಲು ಮೊದಲ ವರ್ಷ ಉಪಯೋಗಕ್ಕೆ ಬರುವುದು ಸ್ವಲ್ಪ ಫ್ರೆಂಚ್.

ಲಕ್ಸೆಂಬರ್ಗಿಷ್ ಬೇಕಾಗುವುದು ಬೇರೆ ಜಾಗಗಳಲ್ಲಿ. ಸರಕಾರಿ ಕೆಲಸ, ಕಮ್ಯೂನ್ ಅಂತ ಕರೆಯುವ ಅಲ್ಲಿನ ಪಂಚಾಯತ್‌ನ ಸಭೆ, ಮಕ್ಕಳ ಬಾಲವಾಡಿ, ಪಕ್ಕದ ಮನೆಯ ಅಜ್ಜಿ, ಊರಿನ ಫುಟ್ಬಾಲ್ ಕ್ಲಬ್, ಕೊನೆಗೆ ಪೌರತ್ವ. ಫ್ರೆಂಚ್ ಕಲಿತರೆ ದಿನದ ವ್ಯವಹಾರ ನಡೆಯುತ್ತದೆ. ಆದರೆ ಪೌರತ್ವದ ಪರೀಕ್ಷೆಗೆ ಎಷ್ಟು ಚಂದದ ಫ್ರೆಂಚ್ ಬಂದರೂ ಲೆಕ್ಕಕ್ಕಿಲ್ಲ.

ಪರೀಕ್ಷೆಯಲ್ಲಿ ಏನಿದೆ?

2017ರ ಮಾರ್ಚ್ 8ರ ಪೌರತ್ವ ಕಾನೂನಿನ ಪ್ರಕಾರ ಸಾಮಾನ್ಯ ದಾರಿಯಲ್ಲಿ ಅರ್ಜಿ ಹಾಕುವವರು ಕನಿಷ್ಠ 5 ವರ್ಷ ಕಾನೂನುಬದ್ಧವಾಗಿ ಅಲ್ಲಿ ವಾಸ ಮಾಡಿರಬೇಕು. ಅರ್ಜಿಗೆ ಮುಂಚಿನ ಕೊನೆಯ ಒಂದು ವರ್ಷ ನಡುವೆ ಬಿಡದೆ ಇರಬೇಕು. ಜೊತೆಗೆ ದೇಶದ ಸಂಸ್ಥೆಗಳು, ಮೂಲಭೂತ ಹಕ್ಕುಗಳು, ಇತಿಹಾಸದ ಬಗ್ಗೆ 24 ಗಂಟೆಯ ಕೋರ್ಸ್ ಮುಗಿಸಬೇಕು, ಅಥವಾ ಅದೇ ವಿಷಯದ ಪರೀಕ್ಷೆ ಪಾಸಾಗಬೇಕು. ಇದರ ಮೇಲೆ ಭಾಷೆಯ ಪರೀಕ್ಷೆ. ಅದಕ್ಕೆ ಅಲ್ಲಿ 'ಶ್ಪ್ರೋಖೆನ್‌ಟೆಸ್ಟ್' ಅಂತ ಹೆಸರು.

ಈ ಪರೀಕ್ಷೆಯಲ್ಲಿ ಬರೆಯುವುದು ಇಲ್ಲ. ಮಾತು ಮತ್ತು ಕೇಳಿಸಿಕೊಳ್ಳುವುದು, ಎರಡೇ ಭಾಗ. ಮಾತಿಗೆ ಎ2 ಮಟ್ಟ, ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ಬಿ1 ಮಟ್ಟ. ಎ2 ಅಂದರೆ ನಿಮ್ಮ ಮನೆ, ಕೆಲಸ, ಊಟ, ಪ್ರಯಾಣದ ಬಗ್ಗೆ ಸರಳ ವಾಕ್ಯಗಳಲ್ಲಿ ಹೇಳಲು ಬರುವುದು. ಬಿ1 ಅಂದರೆ ನಿತ್ಯದ ವಿಷಯದ ಮಾತುಕತೆ, ಸುದ್ದಿಯ ಮುಖ್ಯ ಅಂಶ ತಿಳಿಯುವುದು. ಮಾತಿನ ಭಾಗದಲ್ಲಿ ಒಂದು ವಿಷಯದ ಬಗ್ಗೆ ಮಾತಾಡಬೇಕು, ಒಂದು ಚಿತ್ರ ನೋಡಿ ವಿವರಿಸಬೇಕು. ಸಾಹಿತ್ಯ ಗೊತ್ತಿರಬೇಕಾಗಿಲ್ಲ, ಬಾಯಿ ತೆರೆಯಲು ಧೈರ್ಯ ಬೇಕು.

ಎಲ್ಲರಿಗೂ ಒಂದೇ ನಿಯಮ ಅಲ್ಲ. 20 ವರ್ಷ ಅಲ್ಲಿ ವಾಸ ಮಾಡಿದವರಿಗೆ ಪರೀಕ್ಷೆ ಇಲ್ಲ, 24 ಗಂಟೆಯ ಲಕ್ಸೆಂಬರ್ಗಿಷ್ ಕ್ಲಾಸಿಗೆ ಹೋಗಿದ್ದರೆ ಸಾಕು. ಅಲ್ಲಿನ ಸರಕಾರಿ ಶಾಲೆಯಲ್ಲಿ 7 ವರ್ಷ ಓದಿದವರಿಗೂ ಬೇರೆ ಸುಲಭದ ದಾರಿ ಉಂಟು.

ಕಲಿಯುವ ದಾರಿಗಳು

ಒಂದನೆಯದು, ಸರಕಾರಿ ಕ್ಲಾಸು. ರಾಷ್ಟ್ರೀಯ ಭಾಷಾ ಸಂಸ್ಥೆ ಅಂತ ಒಂದು ಉಂಟು. ಚಿಕ್ಕದಾಗಿ ಐಎನ್‌ಎಲ್‌ಎಲ್ ಅನ್ನುತ್ತಾರೆ. ದೊಡ್ಡವರಿಗೆ ಭಾಷೆ ಕಲಿಸುವ ಮುಖ್ಯ ಸಂಸ್ಥೆ ಇದು. ಶ್ಪ್ರೋಖೆನ್‌ಟೆಸ್ಟ್ ನಡೆಸುವುದೂ ಇದೇ. ಅದರಿಂದ ಇಲ್ಲಿ ಕಲಿತವರಿಗೆ ಪರೀಕ್ಷೆಯ ರೀತಿ ಮೊದಲೇ ಗೊತ್ತಿರುತ್ತದೆ. ಕಮ್ಯೂನ್‌ಗಳು ಮತ್ತು ಸಂಘಗಳು ಸಹ ಸಂಜೆ ಹೊತ್ತು ಕ್ಲಾಸ್ ಇಡುತ್ತವೆ. ಸರಕಾರದಲ್ಲಿ ಹೆಸರು ನೋಂದಾಯಿಸಿದ ನಿರುದ್ಯೋಗಿಗಳಿಗೂ ಕಡಿಮೆ ಆದಾಯದವರಿಗೂ ಶುಲ್ಕದಲ್ಲಿ ರಿಯಾಯಿತಿ ಇದೆ. ಗಂಡನ ಜೊತೆ ಹೋಗಿ ಮನೆಯಲ್ಲೇ ಇರುವ ಹೆಣ್ಮಕ್ಕಳಿಗೆ ಊರಿನ ಕ್ಲಾಸು ತುಂಬಾ ಒಳ್ಳೆಯದು. ಭಾಷೆಯ ಜೊತೆ ನಾಲ್ಕು ಜನರ ಪರಿಚಯವೂ ಆಗುತ್ತದೆ.

ಎರಡನೆಯದು, ಭಾಷಾ ರಜೆ. ಇದು ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. 2009ರ ಒಂದು ಕಾನೂನಿನ ಪ್ರಕಾರ ಲಕ್ಸೆಂಬರ್ಗ್‌ನಲ್ಲಿ ಕೆಲಸ ಮಾಡುವವರು ಲಕ್ಸೆಂಬರ್ಗಿಷ್ ಕಲಿಯಲೆಂದೇ ಒಟ್ಟು 200 ಗಂಟೆಯವರೆಗೆ ಸಂಬಳ ಸಹಿತ ರಜೆ ಪಡೆಯಬಹುದು. ಯಾವ ದೇಶದವರಾದರೂ ಆಗಬಹುದು. ಅದೇ ಮಾಲೀಕರ ಹತ್ತಿರ ಕನಿಷ್ಠ 6 ತಿಂಗಳು ಕೆಲಸ ಮಾಡಿರಬೇಕು. 200 ಗಂಟೆಯನ್ನು ಎರಡು ಕಂತಾಗಿ ಮಾಡಬೇಕು, ಒಂದೊಂದು ಕಂತು 80ರಿಂದ 120 ಗಂಟೆ. ಮೊದಲ ಕಂತಿನ ಕೋರ್ಸ್ ಸರಿಯಾಗಿ ಮುಗಿಸಿದವರಿಗೆ ಮಾತ್ರ ಎರಡನೆಯದು.

ಮಾಲೀಕರಿಗೆ ನಷ್ಟ ಆಗಲ್ವಾ ಅಂತ ನೀವು ಕೇಳಬಹುದು. ಆ ಗಂಟೆಗಳಿಗೆ ಅವರು ಕೊಡುವ ಹಣದಲ್ಲಿ ಅರ್ಧವನ್ನು ಸರಕಾರ ಹಿಂದೆ ಕೊಡುತ್ತದೆ. ವ್ಯಾಪಾರಿಯಾಗಿ ನೋಡಿದರೆ ಇದು ಒಳ್ಳೆಯ ಲೆಕ್ಕ. ಮಾಲೀಕನಿಗೆ ಊರ ಭಾಷೆ ಬಲ್ಲ ಕೆಲಸಗಾರ ಸಿಗುತ್ತಾನೆ, ಖರ್ಚು ಅರ್ಧ. ಕೆಲಸಕ್ಕೆ ತುಂಬಾ ತೊಂದರೆ ಆಗುವ ಹಾಗಿದ್ದರೆ ಅವರು ರಜೆ ಮುಂದೂಡಲು ಹೇಳಬಹುದು. ಹಾಗಾಗಿ ಮೊದಲೇ ಮಾತಾಡಿ, ಅರ್ಜಿ ಹಾಕಿ.

ಮೂರನೆಯದು, ಮೊಬೈಲು. ಎಲ್‌ಎಲ್‌ಒ ಡಾಟ್ ಎಲ್‌ಯು ಎಂಬ ಸರಕಾರಿ ಆನ್‌ಲೈನ್ ವೇದಿಕೆಯಲ್ಲಿ ಪಾಠಗಳು ಉಚಿತ. ಇಂಗ್ಲಿಷ್ ಮೂಲಕ ಕಲಿಯಬಹುದು, ಎ1ರಿಂದಲೇ ಶುರು. ವೀಸಾ ಬರುವುದನ್ನು ಕಾಯುತ್ತಾ ಇಲ್ಲಿ ಉಪ್ಪಳದಲ್ಲೋ ಕುಂಬಳೆಯಲ್ಲೋ ಕೂತು ಕಲಿಯಬಹುದಾದ ದಾರಿ ಇದು. ಇದರ ಜೊತೆಗೆ ಎಲ್‌ಒಡಿ ಡಾಟ್ ಎಲ್‌ಯು ಎಂಬ ಆನ್‌ಲೈನ್ ನಿಘಂಟು ಉಂಟು. ಶಬ್ದದ ಅರ್ಥ ಇಂಗ್ಲಿಷ್, ಫ್ರೆಂಚ್, ಜರ್ಮನ್, ಪೋರ್ಚುಗೀಸ್‌ನಲ್ಲಿ ಸಿಗುತ್ತದೆ, ಉಚ್ಚಾರವೂ ಕೇಳಬಹುದು. ಗೂಗಲ್ ಅನುವಾದದಲ್ಲಿ 2016ರಿಂದ ಲಕ್ಸೆಂಬರ್ಗಿಷ್ ಇದೆ. ಒಂದು ಚೀಟಿಯಲ್ಲಿ ಏನು ಬರೆದಿದೆ ಅಂತ ತಿಳಿಯಲು ಅದು ಆಗಬಹುದು, ಕಲಿಯಲು ನಿಘಂಟೇ ಒಳ್ಳೆಯದು.

ನಾಲ್ಕನೆಯದು, ಕಿವಿ. ಪರೀಕ್ಷೆಯಲ್ಲಿ ಮಾತಿಗಿಂತ ಕೇಳಿಸಿಕೊಳ್ಳುವುದಕ್ಕೆ ಮಟ್ಟ ಮೇಲೆ ಇಟ್ಟಿದ್ದಾರೆ ಅನ್ನುವುದನ್ನು ಮರೆಯಬೇಡಿ. ಆರ್‌ಟಿಎಲ್‌ನ ರೇಡಿಯೋ, ಟಿವಿ ಲಕ್ಸೆಂಬರ್ಗಿಷ್‌ನಲ್ಲಿ ನಡೆಯುತ್ತವೆ. 100,7 ಎಂಬ ಸಾರ್ವಜನಿಕ ರೇಡಿಯೋ ಕೂಡ ಹಾಗೆಯೇ. ಒಂದು ಉಪಾಯ ಹೇಳ್ತೇನೆ. ಆರ್‌ಟಿಎಲ್ ಟುಡೇ ಎಂಬ ಇಂಗ್ಲಿಷ್ ಜಾಲತಾಣದಲ್ಲಿ ದಿನದ ಸುದ್ದಿ ಮೊದಲು ಓದಿ, ಆಮೇಲೆ ಲಕ್ಸೆಂಬರ್ಗಿಷ್ ಸುದ್ದಿ ಕೇಳಿ. ವಿಷಯ ಗೊತ್ತಿದ್ದರೆ ಶಬ್ದ ತಾನಾಗಿ ಬಿಡಿಸಿಕೊಳ್ಳುತ್ತದೆ. ಗಲ್ಫ್‌ಗೆ ಹೋದ ನಮ್ಮ ಹಿರಿಯರು ಅರಬಿ ಕಲಿತದ್ದು ಯಾವ ಪುಸ್ತಕದಿಂದ? ಕೇಳಿ ಕೇಳಿಯೇ ಅಲ್ವಾ.

ಐದನೆಯದು, ಜನರು. 'ಶ್ಪ್ರೋಖೆಕಫೆ' ಅಂತ ಭಾಷಾ ಕೂಟಗಳು ಲೈಬ್ರರಿ, ಕಮ್ಯೂನ್‌ಗಳಲ್ಲಿ ನಡೆಯುತ್ತವೆ. ಒಂದು ಮೇಜಿಗೆ ಒಂದು ಭಾಷೆ, ಕಾಫಿ ಕುಡಿಯುತ್ತಾ ತಪ್ಪು ತಪ್ಪಾಗಿ ಮಾತಾಡಬಹುದು, ಯಾರೂ ನಗುವುದಿಲ್ಲ. ಊರಿನ ಕ್ರೀಡಾ ಕ್ಲಬ್ಬು, ಸ್ವಯಂಸೇವೆಯ ಕೆಲಸ ಕೂಡ ಹೀಗೆಯೇ. ಇಲ್ಲಿ ಒಂದು ತೊಡಕು ಉಂಟು. ನಿಮ್ಮ ಮಾತು ತಡವರಿಸಿದ ಕೂಡಲೇ ಅಲ್ಲಿನವರು ಉಪಕಾರ ಮಾಡುವ ಮನಸ್ಸಿನಿಂದ ಫ್ರೆಂಚ್‌ಗೋ ಇಂಗ್ಲಿಷ್‌ಗೋ ಹಾರುತ್ತಾರೆ. ಹೊಸಬರ ಕಲಿಕೆ ಹೆಚ್ಚಾಗಿ ನಿಲ್ಲುವುದು ಇಲ್ಲೇ. ನಗುತ್ತಾ 'ನಾನು ಕಲೀತಾ ಇದ್ದೇನೆ, ಲಕ್ಸೆಂಬರ್ಗಿಷ್‌ನಲ್ಲೇ ಹೇಳಿ' ಅನ್ನುವ ಒಂದು ವಾಕ್ಯ ಮೊದಲ ವಾರವೇ ಬಾಯಿಪಾಠ ಮಾಡಿಕೊಳ್ಳಿ.

ಆರನೆಯದು, ನಿಮ್ಮದೇ ಮಕ್ಕಳು. ಅಲ್ಲಿ 4 ವರ್ಷಕ್ಕೆ ಶಾಲೆ ಕಡ್ಡಾಯ. ಆ ಮೊದಲ ತರಗತಿಗಳಲ್ಲಿ ಲಕ್ಸೆಂಬರ್ಗಿಷ್ ಮಾತಿಗೆ ಮುಖ್ಯ ಸ್ಥಾನ. ಮಗು ಆರು ತಿಂಗಳಲ್ಲಿ ಮಾತಾಡುವಾಗ ತಂದೆ ತಾಯಿ ಸುಮ್ಮನೆ ನಿಂತರೆ ಟೀಚರ್ ಹತ್ತಿರ ಮಗುವೇ ದುಭಾಷಿ ಆಗಬೇಕಾಗುತ್ತದೆ. ಅದು ಯಾರಿಗೂ ಒಳ್ಳೆಯದಲ್ಲ. ಮಗುವಿನ ಚಿತ್ರಪುಸ್ತಕವನ್ನೇ ಜೊತೆಯಲ್ಲಿ ಕೂತು ಓದಿ. ಮನೆಯಲ್ಲಿ ಮಾತ್ರ ಬ್ಯಾರಿ ಬಿಡಬೇಡಿ. ಸಣ್ಣ ಭಾಷೆ ಉಳಿಯುವುದು ಮನೆಯಲ್ಲಿ ಆಡಿದರೆ ಮಾತ್ರ ಅನ್ನುವುದಕ್ಕೆ ಲಕ್ಸೆಂಬರ್ಗಿನವರೇ ಸಾಕ್ಷಿ.

ನಮಗೆ ಸುಲಭ ಎಲ್ಲಿ, ಕಷ್ಟ ಎಲ್ಲಿ?

ದಿನದ ಯಾವ ಹೊತ್ತಿಗೂ ನಮಸ್ಕಾರಕ್ಕೆ 'ಮೊಯೆನ್'. ಹೊರಡುವಾಗ 'ಆದ್ದಿ'. ಧನ್ಯವಾದಕ್ಕೆ 'ಮೆರ್ಸಿ'. ದಯವಿಟ್ಟು ಅನ್ನಲು 'ವಾನ್ ಎಶ್ ಗೆಲಿಫ್ಟ್'. ಅಂಗಡಿಗೆ 'ಬುಟೆಕ್', ಕೊಡೆಗೆ 'ಪ್ರಾಬೆಲಿ', ಇವೆರಡೂ ಫ್ರೆಂಚ್‌ನಿಂದ ಬಂದು ಆಕಾರ ಬದಲಿಸಿಕೊಂಡವು.

ನೀನು, ನೀವು ಅನ್ನುವ ವ್ಯತ್ಯಾಸ ಅಲ್ಲಿಯೂ ಇದೆ. ಸ್ನೇಹಿತನಿಗೆ 'ಡು', ಹಿರಿಯರಿಗೆ ಮತ್ತು ಅಪರಿಚಿತರಿಗೆ 'ಡೀರ್'. ಕನ್ನಡದ 'ನೀವು' ಹಾಗೆ ಅದೂ ಬಹುವಚನದ ರೂಪವೇ. 21 ಹೇಳುವಾಗ 'ಒಂದು ಮತ್ತು ಇಪ್ಪತ್ತು' ಅನ್ನುತ್ತಾರೆ. ಅರಬಿಯಲ್ಲಿ 'ವಾಹಿದ್ ವ ಇಶ್ರೀನ್' ಕೇಳಿದವರಿಗೆ ಇದು ಹೊಸದಲ್ಲ.

ಕಷ್ಟ ಇರುವುದು ಲಿಂಗದಲ್ಲಿ. ಕುರ್ಚಿ, ಮೇಜಿಗೂ ಗಂಡು, ಹೆಣ್ಣು, ನಪುಂಸಕ ಅಂತ ಇದೆ, ಬಾಯಿಪಾಠವೇ ಗತಿ. ಇನ್ನೊಂದು, ಶಬ್ದದ ಕೊನೆಯ 'ನ್' ಮುಂದಿನ ಅಕ್ಷರ ನೋಡಿ ಬಿದ್ದು ಹೋಗುತ್ತದೆ. ಕಾರಿಗೆ 'ಡೆನ್ ಔಟೊ', ಅಂಗಡಿಗೆ 'ಡೆ ಬುಟೆಕ್'. ನಮ್ಮ ಸಂಧಿ ನಿಯಮದ ಹಾಗೆ ಇದು, ಮಾತಾಡುತ್ತಾ ಹೋದರೆ ಕಿವಿಗೆ ತಾನೇ ಗೊತ್ತಾಗುತ್ತದೆ. ಜರ್ಮನ್ ಸ್ವಲ್ಪ ಕಲಿತವರಿಗೆ ದಾರಿ ಅರ್ಧ ಹತ್ತಿರ.

ಯಾವ ಕ್ರಮದಲ್ಲಿ ಹೋಗಬೇಕು?

ಊರಿನಿಂದ ಹೊರಡುವ ಮೊದಲು ಉಚಿತ ಆನ್‌ಲೈನ್ ಪಾಠ ಶುರು ಮಾಡಿ, ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ವರ್ಷ ಫ್ರೆಂಚ್‌ಗೆ ಸಮಯ ಕೊಡಿ, ಆದರೆ ಲಕ್ಸೆಂಬರ್ಗಿಷ್ ಸುದ್ದಿ ಕೇಳುವುದು ಬಿಡಬೇಡಿ. ಕೆಲಸಕ್ಕೆ 6 ತಿಂಗಳು ತುಂಬಿದ ಮೇಲೆ ಭಾಷಾ ರಜೆಯ ಬಗ್ಗೆ ಕಂಪೆನಿಯಲ್ಲಿ ವಿಚಾರಿಸಿ. ಎರಡನೆಯ, ಮೂರನೆಯ ವರ್ಷ ಸರಿಯಾದ ಕ್ಲಾಸಿಗೆ ಸೇರಿ. ಐದನೆಯ ವರ್ಷದಲ್ಲಿ ಶುರು ಮಾಡಿದರೆ ಒತ್ತಡ ಜಾಸ್ತಿ, ಆ ಹೊತ್ತಿಗೆ ಇಂಗ್ಲಿಷ್‌ನಲ್ಲೇ ದಿನ ಕಳೆಯುವ ಅಭ್ಯಾಸ ಗಟ್ಟಿಯಾಗಿರುತ್ತದೆ.

ಪೌರತ್ವದ ವಿಷಯದಲ್ಲಿ ಒಂದು ಎಚ್ಚರಿಕೆ. ಲಕ್ಸೆಂಬರ್ಗ್ 2009ರಿಂದ ಎರಡು ದೇಶದ ಪೌರತ್ವ ಒಪ್ಪುತ್ತದೆ, ಆದರೆ ಭಾರತ ಒಪ್ಪುವುದಿಲ್ಲ. ಅಲ್ಲಿನ ಪೌರತ್ವ ಸಿಕ್ಕಿದ ದಿನವೇ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಹಿಂದೆ ಕೊಡಬೇಕು. ಆಮೇಲೆ ಒಸಿಐ ಕಾರ್ಡ್‌ಗೆ ಅರ್ಜಿ ಹಾಕಬಹುದು, ಆದರೆ ಅದರಲ್ಲಿ ಮತದಾನದ ಹಕ್ಕಿಲ್ಲ, ಕೃಷಿಭೂಮಿ ಖರೀದಿಸಲು ಆಗುವುದಿಲ್ಲ. ಊರಿನಲ್ಲಿ ತೋಟ ಮಾಡುವ ಆಸೆ ಇರುವವರು ಮನೆಯವರ ಜೊತೆ ಕೂತು ಮಾತಾಡಿಯೇ ಈ ಹೆಜ್ಜೆ ಇಡಬೇಕು.

ಪೌರತ್ವ ಬೇಡ ಅಂತ ತೀರ್ಮಾನಿಸಿದರೂ ಭಾಷೆ ಕಲಿತದ್ದು ದಂಡ ಅಲ್ಲ. ಮಗುವಿನ ಟೀಚರ್ ಹೇಳಿದ್ದು ನೇರ ಅರ್ಥವಾಗುತ್ತದೆ, ಕಮ್ಯೂನ್‌ನ ಕಾಗದಕ್ಕೆ ಇನ್ನೊಬ್ಬರನ್ನು ಕಾಯಬೇಕಾಗಿಲ್ಲ, ಕೆಲಸ ಬದಲಿಸುವಾಗ ಬಯೋಡಾಟಾದಲ್ಲಿ ಒಂದು ಸಾಲು ಹೆಚ್ಚಾಗುತ್ತದೆ. ಶುಲ್ಕ, ಕ್ಲಾಸಿನ ದಿನಾಂಕ, ಪರೀಕ್ಷೆಯ ನಿಯಮ ಆಗಾಗ ಬದಲಾಗುತ್ತವೆ. ಹಣ ಕಟ್ಟುವ ಮೊದಲು ಐಎನ್‌ಎಲ್‌ಎಲ್ ಮತ್ತು ಅಲ್ಲಿನ ಸರಕಾರದ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ, ಏಜೆಂಟರ ಮಾತು ಒಂದನ್ನೇ ನಂಬಬೇಡಿ.