ಯಾರ ಕಣ್ಣಿಗೂ ಬೀಳದ ಓದು

ದಿನಪತ್ರಿಕೆಯನ್ನು ಓದುವವನಿಗಿರುವ ಒಂದು ಸ್ವಾತಂತ್ರ್ಯವನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ಮೊದಲ ಪುಟವನ್ನು ಬಿಟ್ಟು ನೇರವಾಗಿ ನಿಧನವಾರ್ತೆಗೆ ಹೋಗಬಹುದು. ವಧೂವರರ ಜಾಹೀರಾತನ್ನು ಎರಡು ಸಲ ಓದಬಹುದು. ಮೂಲವ್ಯಾಧಿಯ ಕುರಿತ ವೈದ್ಯರ ಅಂಕಣವನ್ನು ಪುಟ ಮಡಿಚಿಟ್ಟುಕೊಂಡು ಓದಬಹುದು. ಸಂಪಾದಕನಿಗೆ ಅದು ತಿಳಿಯದು. ಪತ್ರಿಕೆ ಹಾಕುವ ಹುಡುಗನಿಗೂ ತಿಳಿಯದು. ಹೋಟೆಲಿನ ಮೇಜಿನ ಮೇಲೆ ಬಿದ್ದಿರುವ ಒಂದೇ ಪತ್ರಿಕೆಯನ್ನು ಹತ್ತಾರು ಮಂದಿ ಓದಿ ಎದ್ದುಹೋಗುತ್ತಾರೆ. ಯಾರು ಯಾವ ಪುಟದಲ್ಲಿ ತಂಗಿದರೆಂಬುದಕ್ಕೆ ಸಾಂಬಾರಿನ ಕಲೆಯ ಹೊರತು ಬೇರೆ ಸಾಕ್ಷಿಯಿರುವುದಿಲ್ಲ.

ಅಂಗೈಯಗಲದ ಮೊಬೈಲಿನಲ್ಲಿ ಓದುವವನಿಗೆ ಈ ಸ್ವಾತಂತ್ರ್ಯವಿಲ್ಲ. ಅವನು ಓದುತ್ತಿರುವಾಗಲೇ ಪುಟವು ಅವನನ್ನು ಓದುತ್ತಿರುತ್ತದೆ. ಎಷ್ಟು ಹೊತ್ತು ನಿಂತನು, ಯಾವ ಚಿತ್ರವನ್ನು ಒತ್ತಿದನು, ಮುಂದೆ ಎಲ್ಲಿಗೆ ಹೋದನು ಎಂಬುದೆಲ್ಲ ಯಾವುದೋ ದೂರದ ದಫ್ತರದಲ್ಲಿ ಬರೆದಿಡಲ್ಪಡುತ್ತದೆ. ಇದಕ್ಕೆ ಮದ್ದಿಲ್ಲವೆಂದು ಬಹುಮಂದಿ ಕೈಚೆಲ್ಲಿ ಕುಳಿತಿದ್ದಾರೆ. ಪೂರ್ಣವಾದ ಮದ್ದು ಇಲ್ಲವೆಂಬುದು ನಿಜವೇ. ಆದರೆ ಗಣಕಯಂತ್ರದ ಲೋಕದಲ್ಲೇ ಪತ್ರಿಕೆಯ ಓದಿಗೆ ಬಹಳ ಹತ್ತಿರವಾದ ಒಂದು ಹಳೆಯ ಪದ್ಧತಿಯುಂಟು. ನಮ್ಮ ಪುಣೆಯ ಕನ್ನಡಿಗರಿಗೂ ಅದರೊಡನೆ ಸಂಬಂಧವಿತ್ತು. ಅದರ ಹೆಸರು ಯೂಸ್‌ನೆಟ್. ಅದರೊಳಗಿನ ಚರ್ಚಾಮಂಟಪಗಳಿಗೆ ನ್ಯೂಸ್‌ಗ್ರೂಪ್ ಅಥವಾ ಸುದ್ದಿಗುಂಪು ಎಂದು ಹೆಸರು.

1979ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾ ಪ್ರಾಂತದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದರ ಕಲ್ಪನೆ ಮಾಡಿದರು. ಮಾರನೆಯ ವರ್ಷ ಅದು ನಡೆಯತೊಡಗಿತು. ಒಂದು ಊರಿನ ಗಣಕಯಂತ್ರವು ರಾತ್ರಿಯ ಹೊತ್ತು ಮತ್ತೊಂದು ಊರಿನ ಯಂತ್ರಕ್ಕೆ ದೂರವಾಣಿ ಮಾಡಿ, ಆ ದಿನ ಬಂದ ಪತ್ರಗಳನ್ನೆಲ್ಲ ದಾಟಿಸುವುದು. ಅದು ಇನ್ನೊಂದಕ್ಕೆ ದಾಟಿಸುವುದು. ಮುಂಬಯಿಯ ಪತ್ರಿಕೆಯ ಕಟ್ಟು ಊರಿಂದೂರಿಗೆ ಬಸ್ಸು ಬದಲಾಯಿಸುತ್ತ ಹೋಗುವಂತೆ ಈ ಪತ್ರಗಳು ಸಂಚರಿಸುತ್ತಿದ್ದವು. ಒಬ್ಬ ಯಜಮಾನನಿಲ್ಲ, ಒಂದು ಕೇಂದ್ರ ಕಚೇರಿಯಿಲ್ಲ. 1986ರಲ್ಲಿ ಎನ್‌ಎನ್‌ಟಿಪಿ ಎಂಬ ನಿಯಮಾವಳಿ ಪ್ರಕಟವಾದ ಬಳಿಕ ಅಂತರಜಾಲದ ಮೂಲಕವೇ ಸರ್ವರಿನಿಂದ ಪತ್ರಗಳನ್ನು ತರಿಸಿಕೊಳ್ಳುವುದು ಸಾಧ್ಯವಾಯಿತು. ವಿಷಯಕ್ಕೊಂದು ಗುಂಪು: ವಿಜ್ಞಾನಕ್ಕೆ, ಅಡುಗೆಗೆ, ಸಂಗೀತಕ್ಕೆ, ರೋಗರುಜಿನಗಳಿಗೆ. ಭಾರತೀಯರದೊಂದು ಗುಂಪಿತ್ತು, ಮುಂದೆ ಕನ್ನಡಿಗರದೂ ಆಯಿತು. ‘ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬುದು ಅದರ ಉದ್ದನೆಯ ಹೆಸರು. ಅಮೆರಿಕದಲ್ಲಿ ನೆಲೆಸಿದ ಇಂಜಿನಿಯರರು, ಸಂಶೋಧನಾ ವಿದ್ಯಾರ್ಥಿಗಳು ಅಲ್ಲಿ ಕಾವೇರಿ ನೀರಿನಿಂದ ಹಿಡಿದು ಚಲನಚಿತ್ರ ಗೀತೆಗಳವರೆಗೆ ವಾದಿಸುತ್ತಿದ್ದರು. ಪರಸ್ಥಳದಲ್ಲಿರುವ ಕನ್ನಡಿಗನಿಗೆ ವಾದ ಮಾಡಲು ಒಂದು ಜಗುಲಿ ಬೇಕೇ ಬೇಕಷ್ಟೆ.

ಪುಣೆಗೆ ಈ ಸೌಲಭ್ಯ ಬಂದ ಬಗೆಯನ್ನು ಹೇಳಬೇಕು. ಪುಣೆ ಜಿಲ್ಲೆಯ ಆರ್ವಿಯಲ್ಲಿ 1971ರಲ್ಲೇ ದೇಶದ ಉಪಗ್ರಹ ಭೂಕೇಂದ್ರವು ಸ್ಥಾಪಿತವಾಗಿತ್ತು. ವಿದೇಶ ಸಂಪರ್ಕದ ಆ ಸರಕಾರಿ ಇಲಾಖೆಯೇ 1986ರಲ್ಲಿ ವಿದೇಶ ಸಂಚಾರ ನಿಗಮ ಎಂಬ ಸಂಸ್ಥೆಯಾಗಿ, 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಮೊದಲು ನಾಲ್ಕು ಮಹಾನಗರಗಳು, ತರುವಾಯ ಬೆಂಗಳೂರು ಮತ್ತು ಪುಣೆ. ಚಿತ್ರಗಳು ಕಾಣುವ ಖಾತೆಗೆ ವರ್ಷಕ್ಕೆ 15,000 ರೂಪಾಯಿ. ಅದು ಸಾಮಾನ್ಯರ ಮಾತಲ್ಲ. ವಿದ್ಯಾರ್ಥಿಗಳಿಗಾಗಿ ಮಾತ್ರ 500 ರೂಪಾಯಿಯ ‘ಶೆಲ್ ಖಾತೆ’ಯೊಂದಿತ್ತು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿನ ಗೊಡವೆಯಿಲ್ಲ; ಕರಿಯ ಪರದೆಯ ಮೇಲೆ ಅಡ್ಡಕ್ಕೆ 80, ಉದ್ದಕ್ಕೆ 24 ಸಾಲಿನ ಬರಿಯ ಅಕ್ಷರ.

ನಾನು ಆಗ ಎಸ್ಸೆಸ್ಸೆಲ್ಸಿ ಮುಗಿಸಿ ಬಂಧುಗಳ ಹೋಟೆಲಿನ ಗಲ್ಲಾದಲ್ಲಿ ಕುಳಿತುಕೊಳ್ಳತೊಡಗಿದ್ದೆ. ಇಂಜಿನಿಯರಿಂಗ್ ಕಲಿಯಲು ನಮ್ಮ ಕಡೆಯಿಂದ ಬಂದ ಹುಡುಗರು ನಾಲ್ಕಾರು ಮಂದಿ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬಂದು ಕೂರುತ್ತಿದ್ದರು. ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಮುದ್ರಣದ ಕಾಗದವನ್ನು ಇಡ್ಲಿಯ ತಟ್ಟೆಗಳ ನಡುವೆ ಹರಡಿ ನಗುತ್ತಿದ್ದರು. ನೋಡಿದರೆ ಇಂಗ್ಲಿಷ್, ಗಟ್ಟಿಯಾಗಿ ಓದಿದರೆ ಕನ್ನಡ! ಕನ್ನಡದ ಲಿಪಿ ಆ ಪರದೆಯ ಮೇಲೆ ಮೂಡುತ್ತಿರಲಿಲ್ಲವಾದುದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಿದ್ದರು. ಚಿಕ್ಕ ಅಕ್ಷರ ಬರೆದರೆ ‘ಲ’, ದೊಡ್ಡದು ಬರೆದರೆ ‘ಳ’; ಹಾಗೆಯೇ ‘ನ’ ಮತ್ತು ‘ಣ’. ಶಾಲೆಯಲ್ಲಿ ಮೇಷ್ಟರು ಬೆತ್ತ ಹಿಡಿದು ತಿದ್ದಿದ ಭೇದವನ್ನು ಈ ಹುಡುಗರು ಶಿಫ್ಟ್ ಕೀಲಿಯಿಂದ ಕಾಪಾಡಿಕೊಂಡರೆಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ಜಗತ್ತಿನಾದ್ಯಂತ ಇಂಥ ಅಕ್ಷರ ಪರದೆಗಳಲ್ಲಿ ಸುದ್ದಿಗುಂಪುಗಳನ್ನು ಓದಲು ಕೆಲವು ಪ್ರೋಗ್ರಾಂಗಳು ಬಳಕೆಯಲ್ಲಿದ್ದವು. ಲ್ಯಾರಿ ವಾಲ್ ಎಂಬವರು 1984ರಲ್ಲಿ ಬರೆದ ‘ಆರ್‌ಎನ್’, 1991ರ ‘ಟಿನ್’, ಅನಂತರ ಜಾನ್ ಡೇವಿಸ್ ಬರೆದ ‘ಎಸ್‌ಎಲ್‌ಆರ್‌ಎನ್’ ಪ್ರಸಿದ್ಧವಾದವು. ಕೊನೆಯ ಎರಡು ಈಗಲೂ ದೊರೆಯುತ್ತವೆ, ಅದೂ ಬಿಟ್ಟಿಯಾಗಿ. ಅವುಗಳ ಬಡತನವೇ ಓದುಗನಿಗೆ ಭಾಗ್ಯವಾಯಿತು.

ಹೇಗೆಂದರೆ, ಇಂದಿನ ಅಂತರಜಾಲ ಪುಟವು ಅಕ್ಷರಗಳ ಜೊತೆಗೆ ನೂರೆಂಟು ಸಾಮಗ್ರಿಗಳನ್ನು ಹೊತ್ತು ತರುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಚಿತ್ರವೊಂದನ್ನು ಜಾಹೀರಾತಿನ ಸಂಸ್ಥೆಯು ಪುಟದೊಳಗೆ ಅಡಗಿಸಿಟ್ಟಿರುತ್ತದೆ. ಆ ಚಿತ್ರವನ್ನು ತರಲು ನಿಮ್ಮ ಯಂತ್ರವು ಅವರ ಬಾಗಿಲಿಗೆ ಹೋದೊಡನೆ ನೀವು ಇಂಥ ಪುಟವನ್ನು ತೆರೆದಿರೆಂಬುದು ಅವರಿಗೆ ಗೊತ್ತಾಗುತ್ತದೆ. ‘ಕುಕೀ’ ಎಂಬ ಗುರುತಿನ ಚೀಟಿಯನ್ನು ನಿಮ್ಮ ಜೇಬಿನೊಳಗೇ ಇಳಿಸಿ ಕಳುಹಿಸುತ್ತಾರೆ. ಟಿನ್‌ನಂಥ ಪ್ರೋಗ್ರಾಂ ಚಿತ್ರವನ್ನು ತರುವುದೇ ಇಲ್ಲ, ಪತ್ರದಲ್ಲಿ ಅಡಗಿದ ಆಜ್ಞೆಗಳನ್ನು ನಡೆಸುವುದಿಲ್ಲ, ಕುಕೀಯನ್ನು ಬಲ್ಲದೇ ಇಲ್ಲ. ಸರ್ವರಿನಿಂದ ಪತ್ರವನ್ನು ತಂದು ತೋರಿಸಿ ಸುಮ್ಮನಾಗುತ್ತದೆ. ಯಾವ ಪತ್ರವನ್ನು ಓದಿದಿರಿ, ಯಾವುದು ಉಳಿಯಿತು ಎಂಬ ಲೆಕ್ಕವನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಆ ಕಡತವಿರುವುದು ನಿಮ್ಮ ಯಂತ್ರದಲ್ಲೇ. ಲೆಕ್ಕದ ಪುಸ್ತಕ ಅಂಗಡಿಯವನ ಕೈಯಲ್ಲಿರದೆ ಗಿರಾಕಿಯ ಮನೆಯಲ್ಲಿರುವುದೆಂದರೆ ವ್ಯಾಪಾರ ತಿಳಿದವರಿಗೆ ಅದರ ಬೆಲೆ ಅರ್ಥವಾದೀತು.

ಇಷ್ಟೆಲ್ಲ ಮುಚ್ಚುಮರೆ ಯಾತಕ್ಕೆ, ತಪ್ಪು ಮಾಡದವನಿಗೆ ಭಯವೇನು ಎಂದು ಕೇಳುವವರುಂಟು. ಹೋಟೆಲು ನಡೆಸುತ್ತಿದ್ದಾಗ ನನ್ನಲ್ಲಿದ್ದ ಹುಡುಗನೊಬ್ಬನಿಗೆ ಅಪಸ್ಮಾರದ ತೊಂದರೆಯಿತ್ತು. ಯಾರಿಗೂ ಹೇಳಿರಲಿಲ್ಲ. ರಾತ್ರಿ ಮೊಬೈಲಿನಲ್ಲಿ ಆ ರೋಗದ ವಿಚಾರವನ್ನು ಓದಿಕೊಂಡನು. ಮಾರನೆಯ ದಿನದಿಂದ ಅವನ ಮೊಬೈಲಿನಲ್ಲಿ ಮೂರ್ಛೆರೋಗದ ಔಷಧಿ, ಆಸ್ಪತ್ರೆ, ತಾಯಿತಗಳ ಜಾಹೀರಾತು. ಒಂದೇ ರೂಮಿನಲ್ಲಿ ಎಂಟು ಜನ ಮಲಗುವಲ್ಲಿ ಕ್ರಿಕೆಟ್ ನೋಡಲೆಂದು ಮೊಬೈಲು ಕೈಯಿಂದ ಕೈಗೆ ಹೋಗುವುದು ಸಹಜ. ಎರಡು ದಿನದಲ್ಲಿ ಎಲ್ಲರಿಗೂ ತಿಳಿಯಿತು. ಬಾಣಲೆಯ ಹತ್ತಿರ ಅವನನ್ನು ನಿಲ್ಲಿಸಬಾರದೆಂದು ಅಡುಗೆಯವರು ನನ್ನಲ್ಲಿಗೆ ಬಂದರು. ಅವರ ಮಾತಿನಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾರೆ. ಕುದಿಯುವ ಎಣ್ಣೆಯ ಮುಂದೆ ಮೂರ್ಛೆ ಬಂದರೆ ಗತಿಯೇನು? ಆದರೆ ಆ ಮಾತನ್ನು ಅವನೇ ತನ್ನ ಹೊತ್ತು ನೋಡಿ ನನಗೆ ಹೇಳಬೇಕಾಗಿತ್ತು, ಜಾಹೀರಾತು ಹೇಳಬೇಕಾಗಿರಲಿಲ್ಲ. ಊರಿಗೆ ಹೋಗಿ ಬರುತ್ತೇನೆಂದು ಹೋದವನು ಹಿಂದಿರುಗಲಿಲ್ಲ. ಪರವೂರಿನಲ್ಲಿ ಜಾತಿ, ಊರು, ಮನೆತನ ಎಲ್ಲವನ್ನೂ ಬಲ್ಲ ನಾಲ್ಕು ಜನರ ನಡುವೆಯೇ ಬದುಕಬೇಕಾದ ನಮ್ಮಂಥವರಿಗೆ ಗುಟ್ಟೆಂಬುದು ಅಪರಾಧದ ಮುಸುಕಲ್ಲ, ಮರ್ಯಾದೆಯ ಹೊದಿಕೆ.

ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಕ್ಕೊರಲಿನಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಸಲ್ಲಿಸುವಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರಿನಿಂದಲೇ ಇಂದು ದೇಶದ ವಕೀಲರೆಲ್ಲ ಈ ತೀರ್ಪನ್ನು ಕರೆಯುತ್ತಾರೆ.

ಸುದ್ದಿಗುಂಪಿನ ಓದು ಸಂಪೂರ್ಣ ಗುಪ್ತವೆಂದು ಮಾತ್ರ ವಾಚಕರು ಭಾವಿಸಕೂಡದು. ಪತ್ರವನ್ನು ಕೊಡುವ ಸರ್ವರಿಗೆ ನೀವು ಎಲ್ಲಿಂದ ಬಂದಿರಿ, ಯಾವ ಪತ್ರವನ್ನು ಕೇಳಿದಿರಿ ಎಂಬುದು ತಿಳಿಯುತ್ತದೆ. ಹಳೆಯ ಶೆಲ್ ಖಾತೆಯಲ್ಲಂತೂ ಓದಿನ ಲೆಕ್ಕದ ಕಡತವು ನಿಗಮದ ಯಂತ್ರದಲ್ಲೇ ಇರುತ್ತಿತ್ತು. ಹಲವರು ಸೇರಿ ಬಳಸುವ ಯುನಿಕ್ಸ್ ಯಂತ್ರದಲ್ಲಿ ಪಕ್ಕದವನು ಯಾವ ಪ್ರೋಗ್ರಾಂ ನಡೆಸುತ್ತಿದ್ದಾನೆಂದು ನೋಡಲು ಒಂದು ಪುಟ್ಟ ಆಜ್ಞೆ ಸಾಕು. ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯವು ನನಗೆ ಬಹಳ ಹಿಡಿಸಿತು. ‘ಲೀಫ್‌ನೋಡ್’, ‘ಎಸ್‌ಎಲ್‌ಆರ್‌ಎನ್‌ಪುಲ್’ ಎಂಬ ಸಹಾಯಕ ಪ್ರೋಗ್ರಾಂಗಳು ಗುಂಪಿನ ಹೊಸ ಪತ್ರಗಳನ್ನೆಲ್ಲ ಒಟ್ಟಿಗೆ ನಿಮ್ಮ ಯಂತ್ರಕ್ಕೆ ತಂದು ಹಾಕುತ್ತವೆ. ಬಳಿಕ ಸಂಪರ್ಕವನ್ನು ಕಡಿದು ಬೇಕಾದುದನ್ನು ಓದಬಹುದು. ನೀವು ಆ ಗುಂಪನ್ನು ತರಿಸುತ್ತೀರೆಂದು ಸರ್ವರಿಗೆ ತಿಳಿದೀತೇ ಹೊರತು, ಅದರಲ್ಲಿ ಓದಿದ್ದು ಯಾವುದೆಂದು ತಿಳಿಯದು. ಹತ್ತು ರೋಗಗಳ ಗುಂಪುಗಳನ್ನು ತರಿಸಿದವನ ರೋಗ ಯಾವುದೆಂದು ಯಾರು ಹೇಳಬಲ್ಲರು? ಇಡೀ ಪತ್ರಿಕೆಯನ್ನು ಮನೆಗೆ ತರಿಸಿ ಒಂದೇ ಅಂಕಣವನ್ನು ಓದಿದಂತೆಯೇ ಇದು. ಬರಿಯ ಅಕ್ಷರವಾದುದರಿಂದ ಹೊರೆಯೂ ಕಡಿಮೆ.

ಓದುವುದು ಹೀಗಾದರೆ ಬರೆಯುವುದು ಬೇರೆಯೇ ಮಾತು. ಸುದ್ದಿಗುಂಪಿಗೆ ಬರೆದ ಪತ್ರವು ಬಹಿರಂಗ ಸಭೆಯಲ್ಲಿ ಎದ್ದು ಆಡಿದ ಮಾತು. ಮೊದಲ ಕಾಲದಲ್ಲಿ ಪತ್ರಗಳು ಕೆಲವು ವಾರಗಳಲ್ಲಿ ಅಳಿಸಿಹೋಗುತ್ತಿದ್ದುದರಿಂದ ಜನರು ಕೈಬಿಟ್ಟು ಬರೆದರು. 1995ರಲ್ಲಿ ಡೇಜಾ ನ್ಯೂಸ್ ಎಂಬ ಸಂಸ್ಥೆಯು ಅವನ್ನೆಲ್ಲ ಕೂಡಿಟ್ಟು ಹುಡುಕಲು ಅನುವು ಮಾಡಿತು. 2001ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡು, ಅದೇ ವರ್ಷದ ಕೊನೆಗೆ ಇಪ್ಪತ್ತು ವರ್ಷಗಳ ಪತ್ರಗಳನ್ನು ಲೋಕದ ಮುಂದೆ ತೆರೆದಿಟ್ಟಿತು. ಇಪ್ಪತ್ತರ ಹರೆಯದಲ್ಲಿ ಬರೆದುದು ನಲವತ್ತರಲ್ಲಿ ಎದುರಿಗೆ ಬಂದು ನಿಂತಿತು. ಪುಣೆಯ ವಿ.ಎಸ್.ಎನ್.ಎಲ್. ಖಾತೆಯ ವಿಳಾಸದಲ್ಲಿ ‘ಜಿಐಎಎಸ್‌ಪಿಎನ್01’ ಎಂಬ ಗುರುತು ಇರುತ್ತಿತ್ತು. ಕೊನೆಯ ‘ಪಿಎನ್’ ಎಂದರೆ ಪುಣೆ. ಹೆಸರನ್ನು ಬಚ್ಚಿಟ್ಟವನ ಊರು ಬಚ್ಚಿಡಲ್ಪಡಲಿಲ್ಲ.

ಗುಟ್ಟಾಗಿ ಬರೆಯಲು ಮಧ್ಯವರ್ತಿಗಳಿರಲಿಲ್ಲವೆಂದಲ್ಲ. ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯುಸ್ ಎಂಬ ಗೃಹಸ್ಥರು 1993ರಿಂದ ಅಂಥದೊಂದು ಸೇವೆಯನ್ನು ನಡೆಸಿದರು. ಪತ್ರದ ಹೆಸರು ವಿಳಾಸ ಕಿತ್ತುಹಾಕಿ ಮುಂದೆ ಕಳುಹಿಸುವುದು ಅವರ ಕೆಲಸ. ಆದರೆ ಯಾವ ಗುಪ್ತನಾಮ ಯಾರದೆಂಬ ಪಟ್ಟಿ ಅವರಲ್ಲೇ ಇದ್ದಿತು. 1995ರಲ್ಲಿ ಸೈಂಟಾಲಜಿ ಪಂಥದವರ ದೂರಿನ ಮೇಲೆ ಪೊಲೀಸರು ಬಂದಾಗ ಒಬ್ಬನ ನಿಜವಾದ ವಿಳಾಸವನ್ನು ಒಪ್ಪಿಸಬೇಕಾಯಿತು. 1996ರಲ್ಲಿ ಅವರು ಸೇವೆಯನ್ನೇ ಮುಚ್ಚಿದರು. ಮನುಷ್ಯನು ಪ್ರಾಮಾಣಿಕನಾಗಿದ್ದರೂ ಪಟ್ಟಿಯು ಪಟ್ಟಿಯೇ.

2024ರ ಫೆಬ್ರವರಿ 22ರಿಂದ ಗೂಗಲ್ ಸಂಸ್ಥೆಯು ಸುದ್ದಿಗುಂಪುಗಳ ಹೊಸ ಪತ್ರಗಳನ್ನು ತೋರಿಸುವುದನ್ನು ನಿಲ್ಲಿಸಿದೆ. ಹಳೆಯವು ಮಾತ್ರ ಅಲ್ಲಿ ಓದಸಿಕ್ಕುತ್ತವೆ. ಇನ್ನು ಹೊಸದನ್ನು ಓದಬೇಕಾದವನು ಮೊದಲಿನಂತೆ ಸರ್ವರಿನ ಬಾಗಿಲಿಗೇ ಹೋಗಬೇಕು. ‘ಎಟರ್ನಲ್ ಸೆಪ್ಟೆಂಬರ್’ ಎಂಬುದು ಹೆಸರು ನೋಂದಾಯಿಸಿದವರಿಗೆ ಶುಲ್ಕವಿಲ್ಲದೆ ಅಕ್ಷರರೂಪದ ಗುಂಪುಗಳನ್ನು ಒದಗಿಸುವ ಸರ್ವರು. ಸಂಪರ್ಕಿಸುವಾಗ ಹಳೆಯ 119ನೆಯ ದ್ವಾರದ ಬದಲು ಗೂಢಲಿಪಿಯ 563ನೆಯ ದ್ವಾರವನ್ನು ಹಿಡಿಯಬೇಕು; ಇಲ್ಲವಾದರೆ ನಿಮ್ಮ ಗುಪ್ತಪದವೂ ನೀವು ಓದುವ ಗುಂಪಿನ ಹೆಸರೂ ತೆರೆದ ಅಂಚೆಕಾರ್ಡಿನಂತೆ ದಾರಿಯುದ್ದಕ್ಕೂ ಕಾಣುತ್ತ ಹೋಗುತ್ತವೆ. ಲಿನಕ್ಸ್ ಇರುವ ಯಾವ ಹಳೆಯ ಯಂತ್ರವಾದರೂ ನಡೆದೀತು. ಟಿನ್, ಎಸ್‌ಎಲ್‌ಆರ್‌ಎನ್ ಎರಡರಲ್ಲೂ ‘ಎಸ್’ ಕೀಲಿಯಿಂದ ಗುಂಪಿಗೆ ಸೇರುವುದು, ‘ಯು’ ಕೀಲಿಯಿಂದ ಬಿಡುವುದು, ‘ಕ್ಯೂ’ ಒತ್ತಿದರೆ ಹೊರಬರುವುದು. ಉಪದ್ರವಿಗಳ ಹೆಸರನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅವರ ಪತ್ರಗಳು ಕಣ್ಣಿಗೇ ಬೀಳವು. ಅವರಿಗೆ ಅದರ ಸುಳಿವೂ ಸಿಗದು. ಹೋಟೆಲಿನಲ್ಲಿ ಇಂಥ ಅನುಕೂಲವಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಹಾರೈಸಿದ್ದೇನೆ. ಗುಂಪುಗಳಲ್ಲಿ ಬಹಳಷ್ಟು ಈಗ ಪಾಳುಬಿದ್ದಿವೆ, ಕೆಲವು ಕಸದ ಜಾಹೀರಾತಿನಿಂದ ತುಂಬಿವೆ, ರೋಗದ ಗುಂಪಿನ ಸಲಹೆ ವೈದ್ಯರ ಸಲಹೆಯಲ್ಲ. ಇಷ್ಟನ್ನು ತಿಳಿದೇ ಹೋಗಬೇಕು.

ಕನ್ನಡ ಲಿಪಿಯ ಮಾತು ಉಳಿಯಿತು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಅದನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸುವ ಯುಟಿಎಫ್-8 ಎಂಬ ಸಂಕೇತಕ್ರಮವನ್ನು ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬವರು 1992ರಲ್ಲಿ ನ್ಯೂಜೆರ್ಸಿಯ ಒಂದು ಊಟದ ಹೋಟೆಲಿನಲ್ಲಿ, ತಟ್ಟೆಯ ಅಡಿಗೆ ಹಾಸುವ ಕಾಗದದ ಮೇಲೆ ರಚಿಸಿದರೆಂದು ಪೈಕ್ ಅವರೇ ಬರೆದಿದ್ದಾರೆ. ಹೋಟೆಲಿನವರಾದ ನಾವು ಮೇಜಿನ ಮೇಲೆ ಗೀಚುವ ಗಿರಾಕಿಗಳನ್ನು ಇನ್ನು ಮುಂದೆ ಗದರಿಸದಿರುವುದು ಲೇಸು. ಆ ಕ್ರಮದಲ್ಲಿ ಕನ್ನಡದ ಪತ್ರವು ಈಗ ಸುರಕ್ಷಿತವಾಗಿ ಬಂದು ತಲುಪುತ್ತದೆ, ತೊಡಕಿರುವುದು ಪರದೆಯಲ್ಲಿ. ಅಕ್ಷರಕ್ಕೊಂದು ಸಮನಾದ ಚೌಕವೆಂದು ಟರ್ಮಿನಲ್ಲು ಲೆಕ್ಕ ಹಾಕುತ್ತದೆ. ನಮ್ಮ ಒತ್ತಕ್ಷರ, ದೀರ್ಘ, ಕೊಂಬುಗಳು ಆ ಚೌಕದಲ್ಲಿ ಕೂರಲೊಲ್ಲವು. ‘ಎಂಎಲ್‌ಟರ್ಮ್’ ಎಂಬ ಟರ್ಮಿನಲ್ಲು ಭಾರತೀಯ ಲಿಪಿಗಳನ್ನು ಒಂದು ಮಟ್ಟಿಗೆ ಜೋಡಿಸುತ್ತದೆ. ಉಳಿದ ಎಷ್ಟೋ ಟರ್ಮಿನಲ್ಲುಗಳಲ್ಲಿ ‘ಕೃಷ್ಣ’ನು ತುಂಡುತುಂಡಾಗಿ ಕಾಣಿಸುತ್ತಾನೆ. ತೊಂಬತ್ತರ ದಶಕದ ಆ ಹುಡುಗರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಮಾತ್ರ ಇಂದಿಗೂ ಯಾವ ಪರದೆಯ ಮೇಲಾದರೂ ಒಂದಕ್ಷರ ಮುಕ್ಕಾಗದೆ ಮೂಡುತ್ತದೆ.