ಸಾರಾ ಕಾರ್ಟರ್: ಕೇಳಿದ ದನಿ, ಅಚ್ಚಾದ ಹೆಸರು

ಅಮೆರಿಕದ ಗ್ರಾಮೀಣ ಹಾಡುಗಾರಿಕೆಯಿಂದ ಬೆಳೆದ ‘ಕಂಟ್ರಿ’ ಸಂಗೀತದ ಚರಿತ್ರೆಯಲ್ಲಿ 1927ರ ಬ್ರಿಸ್ಟಲ್ ಧ್ವನಿಮುದ್ರಣಗಳಿಗೆ ಮಹತ್ವದ ಸ್ಥಾನವಿದೆ. ಆ ವರ್ಷದ ಆಗಸ್ಟ್ 1 ಮತ್ತು 2ರಂದು ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಅಲ್ಲಿ ಕಾರ್ಟರ್ ಕುಟುಂಬದ ಆರು ಹಾಡುಗಳನ್ನು ಮುದ್ರಿಸಿಕೊಂಡನು. ಮೇಳದಲ್ಲಿದ್ದವರು ಮೂವರು: ಎ.ಪಿ. ಕಾರ್ಟರ್, ಆತನ ಪತ್ನಿ ಸಾರಾ, ಸಾರಾಳ ಸೋದರಸಂಬಂಧಿಯೂ ಎ.ಪಿ.ಯ ತಮ್ಮನ ಹೆಂಡತಿಯೂ ಆಗಿದ್ದ ಮೇಬೆಲ್. ಇವರ ಧ್ವನಿಮುದ್ರಿಕೆಗಳಲ್ಲಿ ಕರ್ತೃವೆಂದು ಸಾಮಾನ್ಯವಾಗಿ ಕಾಣುವುದು ಎ.ಪಿ.ಯ ಹೆಸರು, ಮುಖ್ಯವಾಗಿ ಕೇಳುವುದು ಸಾರಾಳ ದನಿ. ಜಾನಪದ ಸಂಗ್ರಹದಲ್ಲಿ ತೊಡಗಿರುವ ನಮ್ಮ ಅಭ್ಯಾಸಿಗಳಿಗೂ ಈ ಅಂತರ ವಿಚಾರಾರ್ಹವಾದುದು.

1898ರಲ್ಲಿ ವರ್ಜೀನಿಯಾದ ಬೆಟ್ಟಸೀಮೆಯಲ್ಲಿ ಹುಟ್ಟಿದ ಸಾರಾ ಬಂಧುಗಳ ಮನೆಯಲ್ಲಿ ಬೆಳೆದಳು, 1915ರಲ್ಲಿ ಎ.ಪಿ.ಯನ್ನು ವಿವಾಹವಾದಳು. ಆಕೆಯದು ತಗ್ಗಿದ, ಗಂಭೀರವಾದ, ಅಲಂಕಾರವನ್ನು ಬಯಸದ ಕಂಠ. ಆಟೋಹಾರ್ಪ್ ಎಂಬ ತಂತಿವಾದ್ಯವನ್ನು ನುಡಿಸುತ್ತ ಹಾಡುತ್ತಿದ್ದಳು. ಮೇಬೆಲ್ ಗಿಟಾರಿನ ಮಂದ್ರ ತಂತಿಗಳಲ್ಲಿ ಹೆಬ್ಬೆರಳಿನಿಂದ ಧಾಟಿಯನ್ನು ನುಡಿಸಿ, ಉಳಿದ ಬೆರಳುಗಳಿಂದ ಲಯವನ್ನು ಕಾಯುತ್ತಿದ್ದಳು.

ಪೀರ್‌ನ ವ್ಯವಹಾರದ ತಿರುಳು ಪ್ರಕಟಣೆಯ ಹಕ್ಕಿನಲ್ಲಿತ್ತು. ಈ ಮೊದಲು ಯಾರ ಹಕ್ಕಿಗೂ ಒಳಪಡದ ಹಾಡುಗಳು ಆತನಿಗೆ ಬೇಕಿದ್ದವು. ಆದ್ದರಿಂದ ಎ.ಪಿ. ಊರೂರು ಅಲೆದು ಹಳೆಯ ಹಾಡುಗಳನ್ನು ಸಂಗ್ರಹಿಸಿ, ತಿದ್ದಿ, ತನ್ನ ಹೆಸರಿನಲ್ಲಿ ನೋಂದಾಯಿಸಿದನು. ಈ ಅಲೆದಾಟಗಳಲ್ಲಿ ಜೊತೆಗಿದ್ದವನು ಕರಿಯ ಜನಾಂಗದ ಗಿಟಾರ್ ವಾದಕ ಲೆಸ್ಲಿ ರಿಡಲ್. ಎ.ಪಿ. ಪದಗಳನ್ನು ಬರೆದುಕೊಂಡರೆ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದವನು ಈತನೇ. 1960ರ ದಶಕದಲ್ಲಿ ಮೈಕ್ ಸೀಗರ್ ಹುಡುಕಿ ಮಾತನಾಡಿಸುವವರೆಗೆ ಈತನ ಪಾತ್ರ ಹೊರಗಿನವರಿಗೆ ಹೆಚ್ಚು ತಿಳಿದಿರಲಿಲ್ಲ.

1928ರಲ್ಲಿ ಮುದ್ರಿತವಾದ ‘ವೈಲ್ಡ್‌ವುಡ್ ಫ್ಲವರ್’ ಒಳ್ಳೆಯ ನಿದರ್ಶನ. ಇದರಲ್ಲಿ ಹಾಡಿದವಳು ಸಾರಾ ಒಬ್ಬಳೇ, ಗಿಟಾರ್ ಮೇಬೆಲ್‌ಳದು. ಮೂಲವು 1860ರಲ್ಲಿ ಅಚ್ಚಾದ ಒಂದು ಗೀತೆ. ಬಾಯಿಂದ ಬಾಯಿಗೆ ಸಾಗುವಾಗ ಅದರ ಹಲವು ಪದಗಳು ಅರ್ಥ ಕೆಟ್ಟು ಬೇರೆಯೇ ಆದವು. ಸಾರಾ ಆ ಕೆಟ್ಟ ಪಾಠವನ್ನೇ ನಿಸ್ಸಂಕೋಚವಾಗಿ ಹಾಡಿದ್ದಾಳೆ. ತನ್ನ ತಾಯಿಯೂ ಅಜ್ಜಿಯೂ ಅದನ್ನು ಹಾಡುತ್ತಿದ್ದರೆಂದು ಮೇಬೆಲ್ ಹೇಳಿದ್ದುಂಟು. ಹೆಂಗಸರ ನಾಲಗೆಯಲ್ಲಿ ಉಳಿದು ಬಂದ ಹಾಡಿಗೆ ಕರ್ತೃವಾದವನು ಎ.ಪಿ.! ಆತನನ್ನು ವಂಚಕನೆನ್ನುವುದು ಸರಿಯಲ್ಲ. ಆತ ಹುಡುಕದಿದ್ದರೆ ಎಷ್ಟೋ ಹಾಡುಗಳು ಅಳಿಯುತ್ತಿದ್ದವು. ಆದರೆ ಸಂಗ್ರಾಹಕನನ್ನು ಕರ್ತೃವಾಗಿಸಿದ ಆ ಪದ್ಧತಿಯಲ್ಲಿ ಹಾಡಿದವಳಿಗೆ ಕಾಲಂ ಇರಲಿಲ್ಲ.

ಎ.ಪಿ.ಯ ದೀರ್ಘ ಅಲೆದಾಟಗಳು ದಾಂಪತ್ಯವನ್ನೂ ಸಡಿಲಗೊಳಿಸಿದವು. 1936ರಲ್ಲಿ ವಿಚ್ಛೇದನವಾಯಿತು. ಆದರೂ ಸಾರಾ ಮೇಳವನ್ನು ಬಿಡಲಿಲ್ಲ. ಮೆಕ್ಸಿಕೋ ಗಡಿಯ ಪ್ರಬಲ ಬಾನುಲಿ ಕೇಂದ್ರದಿಂದಲೂ ಮೂವರೂ ಒಟ್ಟಿಗೆ ಹಾಡಿದರು. 1939ರಲ್ಲಿ ಎ.ಪಿ.ಯ ಬಂಧುವನ್ನೇ ಮದುವೆಯಾದ ಆಕೆ, 1943ರಲ್ಲಿ ಮೇಳ ಚದುರಿದ ಬಳಿಕ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಬಹುಮಟ್ಟಿಗೆ ಹಾಡುಗಾರಿಕೆಯಿಂದ ದೂರವಾದಳು. 1970ರಲ್ಲಿ ಮೂವರಿಗೂ ಕಂಟ್ರಿ ಸಂಗೀತದ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು. 1979ರಲ್ಲಿ ತೀರಿಕೊಂಡ ಸಾರಾಳನ್ನು ವರ್ಜೀನಿಯಾಕ್ಕೆ ತಂದು, 1960ರಲ್ಲಿ ಎ.ಪಿ.ಯನ್ನು ಹೂಳಿದ್ದ ಸ್ಮಶಾನದಲ್ಲಿಯೇ ಮಣ್ಣು ಮಾಡಲಾಯಿತು.