ಅರಿಸ್ಟಾಟಲನೂ ನಮ್ಮ ಘಟಪ್ರಭೆಯ ರನ್ನನೂ

ಗ್ರೀಸ್ ದೇಶದ ತತ್ತ್ವಜ್ಞಾನಿಯಾದ ಅರಿಸ್ಟಾಟಲನು ಕ್ರಿ. ಪೂ. ೩೮೪ರಲ್ಲಿ ಸ್ಟಗೀರವೆಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಹುಟ್ಟಿದನು. ಹದಿನೇಳನೆಯ ವಯಸ್ಸಿನಲ್ಲಿ ಅಥೆನ್ಸಿಗೆ ಬಂದು ಪ್ಲೇಟೋವಿನ ವಿದ್ಯಾಪೀಠದಲ್ಲಿ ಇಪ್ಪತ್ತು ವರ್ಷ ಇದ್ದನು, ಅಲೆಕ್ಸಾಂಡರನಿಗೆ ಗುರುವಾದನು, ಮುಂದೆ ಲೈಸಿಯಮ್ ಎಂಬ ತನ್ನದೇ ಶಾಲೆಯನ್ನು ಸ್ಥಾಪಿಸಿದನು. ಇಷ್ಟನ್ನು ನಮ್ಮ ಹಿಂದಿನ ವಿದ್ಯಾರ್ಥಿನಿಯರು ಇತಿಹಾಸದ ಪಾಠದಲ್ಲಿ ಓದಿಯೇ ಇರುವರು. ಆದರೆ ಆತನು ಬಿಟ್ಟುಹೋದ ವಿದ್ಯೆಯಲ್ಲಿ ನಮ್ಮ ಹುಡುಗಿಯರು ಯಾವದನ್ನು ಇಟ್ಟುಕೊಳ್ಳಬೇಕು, ಯಾವದನ್ನು ಬಿಡಬೇಕು ಎಂಬದನ್ನು ಪಾಲಕರ ಮುಂದೆ ಇಡಬಯಸುತ್ತೇವೆ. ಯಾಕಂದರೆ ಆತನು ಹೆಣ್ಣುಮಕ್ಕಳ ವಿಷಯದಲ್ಲಿ ಆಡಿದ ಮಾತು ಸಣ್ಣದಲ್ಲ.

ಗುಲಾಮನಿಗೆ ವಿವೇಚನಾಶಕ್ತಿಯೇ ಇಲ್ಲ, ಸ್ತ್ರೀಗೆ ಅದು ಇದ್ದರೂ ಅದಕ್ಕೆ ಅಧಿಕಾರವಿಲ್ಲ ಎಂದು ಆತನು ತನ್ನ ರಾಜನೀತಿಯ ಗ್ರಂಥದಲ್ಲಿ ಬರೆದನು. ಗುರುವಾದ ಪ್ಲೇಟೋ ಆದರೋ, ರಾಜ್ಯವನ್ನು ಕಾಯುವ ವರ್ಗದಲ್ಲಿ ಸ್ತ್ರೀಪುರುಷರಿಗೆ ಒಂದೇ ಶಿಕ್ಷಣವಿರಬೇಕೆಂದು ವಾದಿಸಿದ್ದನು. ಇಪ್ಪತ್ತು ವರ್ಷ ಆತನ ಬಳಿಯಲ್ಲಿದ್ದೂ ಶಿಷ್ಯನು ಇದನ್ನು ಒಪ್ಪಲಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಹಲ್ಲುಗಳು ಕಡಿಮೆ ಎಂದೂ ಬರೆದಿಟ್ಟನು. ಎಣಿಸಿ ನೋಡುವದು ದೊಡ್ಡ ಶ್ರಮವೇನೂ ಆಗಿರಲಿಲ್ಲ. ಭಾರವಾದ ವಸ್ತು ಹಗುರಾದದ್ದಕ್ಕಿಂತ ತನ್ನ ಭಾರಕ್ಕೆ ತಕ್ಕಂತೆ ಬೇಗ ಬೀಳುವದೆಂಬ ಮತವೂ ಆತನದೇ. ನಮ್ಮ ಫಾಲ್ಸಿನ ೧೭೦ ಅಡಿ ಎತ್ತರದಿಂದ ಒಂದು ಸೇರಿನ ಕಲ್ಲನ್ನೂ ಹತ್ತು ಸೇರಿನ ಕಲ್ಲನ್ನೂ ಕೂಡಿಯೇ ಬಿಟ್ಟರೆ ಎರಡೂ ಮೂರು ಸೆಕೆಂಡಿಗೆ ತುಸು ಮಿಕ್ಕಿ ಹೆಚ್ಚುಕಡಿಮೆ ಒಟ್ಟಿಗೇ ತಳ ಮುಟ್ಟುವವು. ಆದರೂ ಗೆಲಿಲಿಯೋನು ೧೬೩೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇದನ್ನು ಖಂಡಿಸುವ ವರೆಗೆ ಶತಮಾನಗಟ್ಟಲೆ ಪಂಡಿತರು ಹಳೆಯ ಮತವನ್ನೇ ಪಾಠ ಹೇಳಿದರು.

ಹಾಗಾದರೆ ಆತನನ್ನು ಕೈಬಿಡೋಣವೇ? ಬೇಡವೆಂದು ನಮ್ಮ ಅಭಿಪ್ರಾಯ. ಎಲ್ಲಿ ಕಣ್ಣಾರೆ ನೋಡಿದನೋ ಅಲ್ಲಿ ಆತನು ಅದ್ಭುತವಾಗಿ ನೋಡಿದನು. ಕಾವಿನಲ್ಲಿದ್ದ ಕೋಳಿಯ ಮೊಟ್ಟೆಗಳನ್ನು ಪರೀಕ್ಷಿಸಿ, ಹೃದಯವು ಮೊದಲು ರಕ್ತದ ಬಿಂದುವಿನಂತೆ ಮಿಡಿಯುವದನ್ನು ವರ್ಣಿಸಿದನು. ಗ್ರಹಣಕಾಲದಲ್ಲಿ ಚಂದ್ರನ ಮೇಲೆ ಬೀಳುವ ನೆರಳು ದುಂಡಾಗಿರುವದರಿಂದ ಭೂಮಿಯೂ ದುಂಡಗಿದೆ ಎಂದು ತರ್ಕಿಸಿದನು.

ಆತನ ಇನ್ನೊಂದು ಕೊಡುಗೆ ಕನ್ನಡಕ್ಕೇ ಬಂದಿರುವದು. ದುರಂತನಾಟಕದ ನಾಯಕನು ಕೇವಲ ಸಾಧುವೂ ಅಲ್ಲ, ಕೇವಲ ದುಷ್ಟನೂ ಅಲ್ಲ. ತನ್ನದೊಂದು ತಪ್ಪಿನಿಂದ ದೊಡ್ಡಸ್ಥಿತಿಯಿಂದ ಬೀಳುವನು. ಅದನ್ನು ಕಂಡವರಲ್ಲಿ ಮರುಕವೂ ಭಯವೂ ಹುಟ್ಟುವವು ಎಂದು ಆತನು ಕಾವ್ಯವಿಚಾರದಲ್ಲಿ ಹೇಳಿದನು. ಈ ದೃಷ್ಟಿಯನ್ನು ಬಿ. ಎಂ. ಶ್ರೀಕಂಠಯ್ಯನವರು ನಮ್ಮ ಹಳೆಯ ಕಾವ್ಯಗಳ ಕಡೆಗೆ ತಿರುಗಿಸಿ, ನಾಗಚಂದ್ರನ ರಾವಣನಲ್ಲಿ ದುರಂತನಾಯಕನನ್ನು ಕಂಡರು. ೧೯೨೬ರಲ್ಲಿ ರನ್ನನ ಕಾವ್ಯದಿಂದಲೇ 'ಗದಾಯುದ್ಧ ನಾಟಕಂ' ರಚಿಸಿದರು. ರನ್ನನು ನಮಗೆ ದೂರದವನಲ್ಲ. ಇಲ್ಲಿ ಧುಮುಕಿದ ಘಟಪ್ರಭೆಯು ಮುಂದೆ ಹರಿದು ಹೋಗುವ ಮುಧೋಳ ಸೀಮೆಯೇ ಆತನ ಜನ್ಮಭೂಮಿ. ಬಳೆಗಾರರ ಮನೆಯ ಮಗನು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ, ಭೀಮನ ಗೆಲುವನ್ನೇ ಹಾಡಲು ಹೊರಟವನು. ಆದರೆ ಹೆಣಗಳ ರಾಶಿಯ ನಡುವೆ ಸಂಜಯನೊಡನೆ ನಡೆಯುತ್ತ, ದ್ರೋಣನನ್ನೂ ಕರ್ಣನನ್ನೂ ಕಂಡು ಶೋಕಿಸುವ, ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಕೊಂಡಾಡುವ, ಆದರೂ ಸಂಧಿಗೆ ಒಪ್ಪದ ದುರ್ಯೋಧನನ ಕಡೆಗೇ ಓದುವವರ ಮನಸ್ಸು ಜಗ್ಗುವದು. ಹೀಗೇಕೆ ಆಗುವದೆಂದು ತಿಳಿಯಲು ಗ್ರೀಕನ ಮಾತು ನೆರವಾಯಿತು. ರನ್ನನು ಅರಿಸ್ಟಾಟಲನನ್ನು ಓದಿದವನಲ್ಲವೆಂಬದನ್ನು ಮಾತ್ರ ಮರೆಯಬಾರದು. ಆತನ ಕಾವ್ಯವು ಭೀಮನ ಪಟ್ಟಾಭಿಷೇಕದಲ್ಲಿ ಮುಗಿಯುವದು. ಅದನ್ನು ಪೂರ್ತಿ ಗ್ರೀಕರ ಅಚ್ಚಿನಲ್ಲಿ ಎರೆಯಹೊರಟರೆ ರನ್ನನಿಗೇ ಅನ್ಯಾಯವಾದೀತು.

ಇನ್ನು ಸ್ತ್ರೀಯ ವಿವೇಚನೆಗೆ ಅಧಿಕಾರವಿಲ್ಲವೆಂಬ ಮಾತು. ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ಬರೆದದ್ದು ಅತ್ತಿಮಬ್ಬೆಯ ಆಶ್ರಯದಲ್ಲಿ. ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳಕೊಂಡ ಈ ತಾಯಿಯು, ಅಚ್ಚುಕೂಟವಿಲ್ಲದ ಆ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಯಾವ ಕಾವ್ಯ ಉಳಿಯಬೇಕು, ಯಾವ ಕವಿಗೆ ಆಸರೆ ಕೊಡಬೇಕು ಎಂಬದನ್ನು ಆಕೆಯೇ ನಿರ್ಧರಿಸಿದಳು. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯು ಇಂದಿಗೂ ನಿಂತಿರುವದು; ಆ ಕಡೆಗೆ ಹೋದವರು ಮಕ್ಕಳನ್ನು ಕರಕೊಂಡು ನೋಡಿ ಬರಬಹುದು.